ತೊಟ್ಟಿಯಂಚಿನ ಎಡಗೈ

ಪರದೆಯ ಮೂಲೆಯಲ್ಲಿ ಒಂದು ಎಡಗೈ ನೀರಿನ ತೊಟ್ಟಿಯ ಅಂಚನ್ನು ಬಡಿಯುತ್ತಿದ್ದುದು ನನಗೆ ನೆನಪಿದೆ. ಆದರೆ ಅದನ್ನು ಕಣ್ಣಾರೆ ಕಂಡೆನೋ, ಮುನಿರಾಜಣ್ಣ ಹೇಳಿದ ಮೇಲೆ ನನ್ನ ಮನಸ್ಸೇ ಆ ಕೈಯನ್ನು ಅಲ್ಲಿ ತಂದಿಟ್ಟಿತೋ, ಬಹಳ ಕಾಲ ಗೊತ್ತಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿ ನಾನು ಅಂಟಿಸಿಕೊಂಡ ರೋಗ ಇದು. ಮೊದಲು ಬೇರೆಯವರ ನೆನಪನ್ನು ಅನುಮಾನಿಸಿದೆ, ಆಮೇಲೆ ನನ್ನದನ್ನೂ.

ವಿದ್ಯಾರಣ್ಯಪುರದಲ್ಲಿ ನಮ್ಮ ಬೀದಿಗೆ ನೀರು ಬಿಡುತ್ತಿದ್ದವರು ಮುನಿರಾಜಣ್ಣ. ಆಳೆತ್ತರದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು, ರಸ್ತೆಯ ಗುಂಡಿಯ ಮುಚ್ಚಳ ಸರಿಸಿ, ವಾಲ್ವ್ ತಿರುಗಿಸಿ, ಕೀಲಿಯ ಹಿಡಿಗೆ ಕಿವಿಯಿಟ್ಟು ಕೇಳುತ್ತಿದ್ದರು. "ಒಂಟ್ಲು, ಬತ್ತಾವ್ಳೆ" ಎಂದು, ನೀರು ಹೆಣ್ಣೆಂಬಂತೆ, ಬಾಗಿಲಲ್ಲಿ ಬಿಂದಿಗೆ ಹಿಡಿದು ನಿಂತವರಿಗೆ ಸಾರುತ್ತಿದ್ದರು. ಅವರ ಊರು ಚಿಕ್ಕಜಾಲದ ಹತ್ತಿರ. ರಜೆಯ ದಿನ ಸಿನಿಮಾಗಳಲ್ಲಿ ಏಟು ತಿನ್ನುವ ಕೆಲಸ. ಅಗಲ ಮುಖ, ಚಪ್ಪಟೆ ಮೂಗು. "ನನ್ ಮಖ ಒಡುಸ್ಕೊಳ್ಳಾಕೇ ಉಟ್ಟಿರಾದು ಸಾ. ಈರೋಗಳ ಕೈಗೆ ಸರ್ಯಾಗ್ ಕೂರ್ತದೆ" ಎನ್ನುತ್ತಿದ್ದರು.

ಎರಡು ಸಾವಿರದ ಹನ್ನೆರಡನೇ ಇಸವಿಯೋ ಹದಿಮೂರೋ ಇರಬೇಕು. ತಮ್ಮ ಹೊಸ ಚಿತ್ರ ತೋರಿಸಲು ನನ್ನನ್ನು ಯಲಹಂಕಕ್ಕೆ ಮ್ಯಾಟಿನಿಗೆ ಕರೆದೊಯ್ದರು. ಖಳನಾಯಕ ತನಗೆ ದ್ರೋಹ ಮಾಡಿದವನ ತಲೆಯನ್ನು ದ್ರಾಕ್ಷಿ ತೋಟದ ತೊಟ್ಟಿಯಲ್ಲಿ ಅದುಮಿ ಹಿಡಿಯುವ ದೃಶ್ಯ. ದ್ರೋಹಿಯೇ ಮುನಿರಾಜಣ್ಣ. ತಲೆ ನೀರಿನಿಂದ ಮೇಲೆ ಬಂದಾಗ ಆ ಕಣ್ಣು, ಆ ಬಾಯಿ, ಗಾಳಿಗಾಗಿ ಗಂಟಲಿಂದ ಹೊರಟ ಆ ಸದ್ದು! ಆಮೇಲೆ ಶಿಳ್ಳೆ, ಚಪ್ಪಾಳೆ. ಹಿಂದಿನ ಸಾಲಿನವನು, "ಏನ್ ಆಕ್ಟಿಂಗ್ ಗುರು, ಸತ್ತೇ ಹೋದ ಅಂದ್ಕೊಂಡೆ" ಅಂದ. ನಾನೂ ಅಂಗೈ ಉರಿಯುವ ತನಕ ತಟ್ಟಿದೆ. ಪಕ್ಕಕ್ಕೆ ತಿರುಗಿದರೆ ಮುನಿರಾಜಣ್ಣ ಎರಡೂ ಕಾಲುಗಳನ್ನು ಸೀಟಿನ ಮೇಲೆ ಎತ್ತಿಟ್ಟುಕೊಂಡು ಕೂತಿದ್ದರು, ನೆಲದ ಮೇಲೆ ನೀರು ನಿಂತಿದೆಯೇನೋ ಎಂಬಂತೆ.

ಹೊರಗೆ ಬಂದು ಟೀ ಕುಡಿಯುವಾಗ ಹೇಳಿದರು. "ಉಸ್ರು ಕಟ್ಟುದ್ರೆ ಎಡಗೈಲಿ ಮೂರ್ ಸಲ ಬಡಿ, ಬುಟ್ಬುಡ್ತೀವಿ ಅಂದಿದ್ರು ಸಾ."

"ಬಿಡಲಿಲ್ವಾ?"

"ಸೀನು ಚೆನ್ನಾಗ್ ಬತ್ತಾ ಇತ್ತಂತೆ."

ಅಷ್ಟು ಹೇಳಿ ಲೋಟದ ತಳದ ಟೀಯನ್ನು ಚೆಲ್ಲಿಬಿಟ್ಟರು.

ನವೆಂಬರಿನಲ್ಲಿ ಬಡಾವಣೆಯವರು ರಾಜ್ಯೋತ್ಸವಕ್ಕೆ ಅವರಿಗೆ ಶಾಲು ಹೊದಿಸಿದರು. ಮೂಲೆಯಲ್ಲಿ ಬಿಳಿ ಬಟ್ಟೆ ಕಟ್ಟಿ ಅದೇ ದೃಶ್ಯ ತೋರಿಸಿದರು. ಜನ ಒನ್ಸ್ ಮೋರ್ ಕೂಗಿದರು, ಮತ್ತೆ ಹಾಕಿದರು. ಅವರು ಎರಡು ಸಲವೂ ಬಟ್ಟೆಗೆ ಬೆನ್ನು ಕೊಟ್ಟು ನಿಂತಿದ್ದರು. ಆ ಕೈಯನ್ನು ನಾನು ನೋಡಬಹುದಿತ್ತು. ನಾನು ಮಾಡಬೇಕಿದ್ದ ಭಾಷಣದ ಚೀಟಿ ನೋಡುತ್ತಿದ್ದೆ. ವಿಷಯ ಸಹಜಾಭಿನಯ.

ಆ ದೃಶ್ಯ ಮೆಚ್ಚಿ ಇನ್ನೊಬ್ಬ ನಿರ್ದೇಶಕರು ಹೇಳಿಕಳಿಸಿದ್ದರು. ಅಂಥದೇ ಪಾತ್ರ, ಈ ಸಲ ತೊಟ್ಟಿಯ ಬದಲು ಬಾವಿ. ಮುನಿರಾಜಣ್ಣ ನಮ್ಮ ಗೇಟಿನ ಹತ್ತಿರ ಕೀಲಿ ಊರಿಕೊಂಡು ನಿಂತು ಕೇಳಿದರು. "ಓಗ್ಲಾ ಬ್ಯಾಡ್ವಾ ಸಾ? ಬಕೀಟ್ ನೀರ್ ಕಂಡ್ರೂ ಎದೆ ಒಡ್ಕೊತದೆ."

ಬೇಡ ಎನ್ನಬಹುದಿತ್ತು. ಅದರ ಬದಲು ಓದಿದ್ದನ್ನು ಹೇಳಿದೆ. ಭಯದಲ್ಲಿ ನೆನಪು ಮೋಸ ಮಾಡುತ್ತದೆ, ಬಡಿಯಬೇಕು ಅಂದುಕೊಂಡದ್ದೇ ಬಡಿದ ಹಾಗೆ ಅನ್ನಿಸುತ್ತದೆ, ನೀವು ನಿಜಕ್ಕೂ ಮೂರು ಸಲ ಬಡಿದಿರಾ ಎಂದೆ. ಅವರು ತಮ್ಮ ಎಡಗೈಯನ್ನು ತಿರುಗಿಸಿ ನೋಡಿಕೊಂಡರು.

"ಅಂಗಂತೀರಾ?"

ಹೋದರು.

ಬಾವಿಯ ಶೂಟಿಂಗ್ ಇದ್ದ ದಿನ, ಮಧ್ಯಾಹ್ನ ಮೂರಕ್ಕೆ ಅವರು ವಾಪಸು ಬಂದು ಬಿಡಬೇಕಿದ್ದ ನೀರು ಬರಲಿಲ್ಲ. ಅಡುಗೆಮನೆಯ ನಲ್ಲಿ ತಿರುಗಿಸಿ ಬಿಟ್ಟು ಅದರ ಮುಂದೆಯೇ ಕೂತೆ. ನಾಲ್ಕಾಯಿತು. ಪಕ್ಕದ ಮನೆಯವರು ಬಂದು ಏನ್ರೀ ನೀರಿಲ್ವಾ ಎಂದರೆ ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿದೆ. ಅವರಿಗೆ ಮಾಡಿದ ಫೋನ್ ಎರಡು ಸಲವೂ ರಿಂಗ್ ಆಗಿ ನಿಂತಿತು. ಬಾವಿಯ ಒಳಗೋಡೆಯನ್ನು ಬಡಿಯುವ ಕೈ ಕಣ್ಣ ಮುಂದೆ ಬರುತ್ತಿತ್ತು, ಮೇಲೆ ನಿಂತವರು ಚೆನ್ನಾಗಿ ಬರ್ತಿದೆ ಎನ್ನುತ್ತಿದ್ದರು. ಆರು ಗಂಟೆಗೆ ನಲ್ಲಿ ಬುಸುಗುಟ್ಟಿತು, ಕೆಮ್ಮಿತು, ಕೆಂಪು ನೀರು ಉಗುಳಿತು. ಬೀದಿಗೆ ಓಡಿದೆ. ತಲೆಗೂದಲು ಇನ್ನೂ ಒದ್ದೆ, ಮುನಿರಾಜಣ್ಣ ಕೀಲಿ ಹಿಡಿದು ನಿಂತಿದ್ದರು.

"ಈ ಸಲ ಮೂರ್ ಸಲ ಬಡ್ದಿದ್ಕೇ ಬುಟ್ಬುಟ್ರು ಸಾ. ಒಳ್ಳೇ ಜನ." ನಕ್ಕರು. "ಅಂಗಾದ್ರೆ ಆವತ್ತು ನಾನೇ ಬಡ್ದಿಲ್ಲ ಬುಡಿ. ಸುಮ್ಕೆ ಅವ್ರನ್ನ ಬಯ್ಕಂಡಿದ್ದೆ."

ನನ್ನ ಮಾತು ಗೆದ್ದಿತ್ತು. ಅವರಿಗೂ ನೆಮ್ಮದಿಯಾಗಿತ್ತು. ಆದರೂ ಅಂದಿನಿಂದ ಅವರು ವಾಲ್ವ್ ತಿರುಗಿಸಿ ಕಿವಿಗೊಡಲಿಲ್ಲ. ಕೀಲಿ ಎತ್ತಿಕೊಂಡು ಗುಂಡಿಯಿಂದ ದೂರ ಸರಿದುಬಿಡುತ್ತಿದ್ದರು.

ನಾಲ್ಕೈದು ವರ್ಷದ ನಂತರ ಮುನಿರಾಜಣ್ಣ ತಮ್ಮ ಊರಿನಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೃದಯ ನಿಂತಿತ್ತು ಎಂದರು. ನೀರಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಬೀದಿಗೆ ಈಗ ಬೇರೆಯವರು ಬರುತ್ತಾರೆ.

ತಿಥಿ ಮುಗಿಸಿ ಬಂದ ದಿನ ಫೋನಿನಲ್ಲಿ ಆ ದೃಶ್ಯ ಹುಡುಕಿದೆ. ಯಾರೋ ಅದೊಂದನ್ನೇ ಕತ್ತರಿಸಿ ಹಾಕಿದ್ದರು. ಕೆಳಗೆ ಮೆಚ್ಚುಗೆಯ ಸಾಲು ಸಾಲು: ಮೈ ಜುಮ್ಮೆಂದಿತು, ಇವರಿಗೆ ಪ್ರಶಸ್ತಿ ಕೊಡಬೇಕಿತ್ತು, ಆ ಕೈ ನೋಡು ಮಗಾ. ಸದ್ದು ಪೂರ್ತಿ ತಗ್ಗಿಸಿ, ವೇಗ ಕಡಿಮೆ ಮಾಡಿ, ಮೂಲೆಯನ್ನಷ್ಟೇ ನೋಡಿದೆ. ನಂಬದೆ ಇನ್ನೂ ನಾಲ್ಕು ಸಲ ನೋಡಿದೆ.

ಎಡಗೈ ತೊಟ್ಟಿಯ ಅಂಚನ್ನು ಮೂರು ಸಲ ಬಡಿಯುತ್ತದೆ. ನಿಲ್ಲುತ್ತದೆ. ಮತ್ತೆ ಮೂರು ಸಲ. ಮತ್ತೆ ಎರಡು.