ಬೆರಳಗಲದ ಸಂದು

ನಾನು ಕೂತಲ್ಲಿ ಕೂರುವವಳಲ್ಲ. ಅಂಥವಳನ್ನು ಬಾಣಂತನವೆಂದು ನಲವತ್ತು ದಿನ ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಏನಾಗಬೇಕೋ ಅದೇ ಆಯಿತು.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಮರಾಠಿ ಸೀಮೆಯ ಯೆರವಡಾದ ನನ್ನ ತವರಿನಲ್ಲಿ ಇದ್ದದ್ದು ಒಂದು ಖೋಲಿ, ಒಂದು ಅಡುಗೆಮನೆ. ನನ್ನ ಬಾಣಂತನಕ್ಕೆಂದೇ ಅಪ್ಪ ಪಕ್ಕದಲ್ಲಿ ಇನ್ನೊಂದು ಕೋಣೆ ಎಬ್ಬಿಸಿದ್ದ. ಚಾಕಣದ ಕಾರ್ಖಾನೆಗಳಿಗೆ ಯಂತ್ರ ತುಂಬಿ ಬರುತ್ತಿದ್ದ ಪೆಟ್ಟಿಗೆಗಳ ಕಟ್ಟಿಗೆಯ ಚೌಕಟ್ಟು, ಹೊರಗೆ ತಗಡು, ಒಳಗೆ ಪ್ಲೈವುಡ್, ಎರಡರ ನಡುವೆ ಪೊಳ್ಳು. ನಮ್ಮ ಕಡೆಯವನೇ ಆದ ಬಡಿಗ ತಗಡಿನ ಬುಡದಲ್ಲೂ ತಲೆಯಲ್ಲೂ ಬೆರಳಗಲದ ಸಂದು ಬಿಟ್ಟಿದ್ದ.

"ಅಕ್ಕಾರ, ಈ ಸಂದು ಮುಚ್ಚಬ್ಯಾಡ್ರಿ," ಎಂದು ಅವ್ವನಿಗೆ ಎರಡೆರಡು ಸಲ ಹೇಳಿದ. "ತಗಡಿನ ಹಿಂದ ನೀರು ಹೋದ್ರೂ ಗಾಳಿಗೆ ಒಣಗತದ. ಖೋಲಿ ಒಳಗ ಗಾಳಿ ಬರಂಗಿಲ್ರಿ."

"ಆತೇಳಪ್ಪಾ," ಎಂದಳು ಅವ್ವ. ಅವನು ಅತ್ತ ಹೋದದ್ದೇ ತಡ, ಹಳೆಯ ಸೀರೆ ಹರಿದು, ಸುರುಳಿ ಸುತ್ತಿ, ಸಂದಿನುದ್ದಕ್ಕೂ ತುರುಕಿದಳು. ಬಾಣಂತಿಗೂ ಕೂಸಿಗೂ ಗಾಳಿ ಸೋಕಬಾರದು. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ಮೂರನೆಯ ವಾರಕ್ಕೆ ತೊಟ್ಟಿಲ ಹಿಂದಿನ ಪ್ಲೈವುಡ್ ಹಪ್ಪಳದಂತೆ ಉಬ್ಬಿತು. ಕಪ್ಪು ಬೂಷ್ಟು ಹತ್ತಿತು. ಮಗಳ ಎದೆಯಲ್ಲಿ ಗೊರಗೊರ ಶುರುವಾಯಿತು. ಡಾಕ್ಟರ ಔಷಧದಿಂದಲೂ ಕಡಿಮೆಯಾಗಲಿಲ್ಲ. ಅವಳ ಒಂದೊಂದು ಉಸಿರಿಗೂ ಕಿವಿಗೊಟ್ಟು, ಎದ್ದು, ಕೂತು, ಮತ್ತೆ ಎದ್ದು ನಾನು ಹುಚ್ಚಿಯಂತಾಗಿದ್ದೆ. ಎಲ್ಲಿ ಕಳೆದುಕೊಳ್ಳುತ್ತೇನೋ ಎಂಬ ಭಯ. ಅವ್ವನ ಮೇಲೆ ಕೆಟ್ಟ ಸಿಟ್ಟು.

"ಆ ಅರಿವಿ ತೆಗಿ ಅವ್ವಾ. ಗ್ವಾಡಿ ಕೊಳ್ಯಾಕ ಹತ್ತೇದ."

"ಎಲ್ಲೋ ಇನ್ನೂ ಗಾಳಿ ಬರಾಕ ಹತ್ತೇದ, ಅದಕ್ಕ ಕೂಸಿಗೆ ಹಿಂಗ ಆಗೇದ," ಎಂದು ಅವಳು ಇನ್ನೊಂದು ಸೀರೆ ಹರಿದಳು.

ಮರುದಿನ ಅವ್ವ ಭಾಜಿ, ಕಾಯಿಪಲ್ಲೆ ತರಲು ಹೋದಾಗ ಮಗುವನ್ನು ಅಪ್ಪನ ಕೈಗೆ ಕೊಟ್ಟೆ. ತಲೆಗೆ ಬಟ್ಟೆ ಸುತ್ತಿ, ಸೌಟು ಹಿಡಿದು, ಜಿಟಿಜಿಟಿ ಮಳೆಯಲ್ಲಿ ಹೊರಬಿದ್ದೆ. "ಅಗ ಬಾಈ, ಬಾಳಂತೀಣ ಪಾವಸಾತ!" ಎಂದು, ಬಾಣಂತಿ ಮಳೆಗೆ ಇಳಿದಳಲ್ಲಾ ಎಂದು, ಎದುರುಮನೆಯವಳು ಮರಾಠಿಯಲ್ಲಿ ಬಾಯಿ ಬಡಿದುಕೊಂಡಳು. ಬಡಿದುಕೊಳ್ಳಲಿ. ಕುಕ್ಕರಗಾಲಲ್ಲಿ ಕೂತು ಸೌಟಿನ ಹಿಡಿಯಿಂದ ಗೋಡೆಯ ಬುಡ ಕೆದಕಿದೆ. ಕಪ್ಪಾದ ಸುರುಳಿಗಳು ಒಂದರ ಹಿಂದೊಂದು ಬಂದವು. ಹಿಂಡಿದರೆ ನೀರು.

ಅವ್ವ ಚೀಲ ಹಿಡಿದು ಬಂದು ನಿಂತಳು. ಬೈಯುತ್ತಾಳೆಂದು ಕಾದೆ. ಅವಳು ಚೀಲ ಕೆಳಗಿಟ್ಟು ಅಂದಳು,

"ನಿನಗಿಂತ ಮೊದಲ ಒಂದು ಗಂಡು ಕೂಸಿತ್ತು. ಹದಿನೆಂಟು ದಿನಕ್ಕ ಗಾಳಿ ಹತ್ತಿ ಹೋತು. ಕಿಡಕಿ ಮುರದಿತ್ತು. ನಾ ಮುಚ್ಚಿದ್ದಿಲ್ಲ."

ನನಗೊಬ್ಬ ಅಣ್ಣನಿದ್ದನೆಂಬುದೇ ಅಲ್ಲಿಯತನಕ ನನಗೆ ಗೊತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಆದರೂ ಹೇಳಿದೆ, "ಈ ಗ್ವಾಡಿ ಹಂಗಲ್ಲವ್ವಾ. ನೀನ ನೋಡು."

ಅವಳು ಒಳಗೆ ಹೋಗಿ ಊದಿನಕಡ್ಡಿ ಹಚ್ಚಿ, ಪ್ಲೈವುಡ್ಡಿನ ಒಂದೊಂದು ಜೋಡಣೆಯ ಮುಂದೆಯೂ ಹಿಡಿದು ನೋಡಿದಳು. ಹೊಗೆ ಎಲ್ಲೂ ಅಲುಗದೆ ನೆಟ್ಟಗೆ ಮೇಲೇರಿತು. ಆಮೇಲೆ ಹೊರಗೆ ಸ್ಟೂಲು ತಂದು, ನನಗೆ ಎಟುಕದ ಮೇಲಿನ ಸಂದಿನ ಅರಿವೆಗಳನ್ನು ತಾನೇ ಕಿತ್ತಳು.

ಮಳೆ ಬಿಡುವು ಕೊಟ್ಟು ಗೋಡೆ ಒಣಗಿತು. ಮಗಳ ಉಸಿರು ಹಗುರವಾಯಿತು. ಬಡಿಗನ ಮಾತು ಖರೆ ಎಂದು ಅವ್ವನೂ ಒಪ್ಪಿದಳು. ಆದರೂ ನಲವತ್ತು ದಿನ ಮುಗಿಯುವತನಕ ಅವಳು ತೊಟ್ಟಿಲಿಗೂ ಆ ಗೋಡೆಗೂ ನಡುವೆಯೇ ಹಾಸಿಕೊಂಡಳು, ಸಂದಿನ ಕಡೆಗೆ ಬೆನ್ನು ಕೊಟ್ಟು.