ಎರಡು ಮನೆ ಕೆಳಗೆ

ನಿನ್ನೆ ಬಿ.ಸಿ. ರೋಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿರುವಾಗ ಕರೆಂಟ್ ಹೋಯಿತು. ಹಿತ್ತಿಲಲ್ಲಿ ಜನರೇಟರ್ ಗುಡುಗುಟ್ಟಿ, ಡೀಸೆಲ್ ಹೊಗೆಯ ವಾಸನೆ ಮೇಜಿನವರೆಗೆ ಬಂತು. ಉಳಿದವರು ಗೋಳಿಬಜೆ ತಿನ್ನುತ್ತಲೇ ಇದ್ದರು. ನಾನು ಮಾತ್ರ ಲೋಟ ಕೆಳಗಿಟ್ಟೆ. ನಗಬೇಡಿ. ವರ್ಷಗಟ್ಟಲೆ ರಸಮಂಜರಿ ತಂಡದಲ್ಲಿ ಕೀಬೋರ್ಡ್ ನುಡಿಸಿದವನಿಗೆ ಈ ವಾಸನೆ ಬಂದರೆ ಇಂದಿಗೂ ಕೈ ತಣ್ಣಗಾಗುತ್ತದೆ.

ತೊಂಬತ್ತರ ದಶಕದ ಕೊನೆ. ಸೌಂಡ್ ಮಾಡ್ಯೂಲ್ ಎಂಬ ಪೆಟ್ಟಿಗೆಯ ಹುಚ್ಚು ನನಗೆ ಹಿಡಿದಿತ್ತು. ಕೀಬೋರ್ಡಿನಿಂದ ಅದಕ್ಕೊಂದು ವಯರ್ ಸಿಕ್ಕಿಸಿದರಾಯಿತು. ಬೆರಳು ಇಲ್ಲಿ, ಪಿಟೀಲು, ಕೊಳಲು, ಸಿತಾರ್ ಎಲ್ಲ ಅದರ ಹೊಟ್ಟೆಯಿಂದ. ನನಗೆ ಅದು ಸ್ಟೇಜಿಗೂ ಆಗಬೇಕು, ಬಂಟ್ವಾಳದ ಮನೆಯ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡಲಿಕ್ಕೂ ಆಗಬೇಕು. ಆಸೆಗೆ ಮಿತಿ ಉಂಟೇ? ವಿಟ್ಲದ ಹಮೀದಾಕ ದುಬೈಯಿಂದ ಬರುವಾಗ ಅಂಥ ಎರಡು ಪೆಟ್ಟಿಗೆ ತಂದಿದ್ದರು. ಒಂದನ್ನು ಕೊಡುತ್ತೇನೆ, ಆರಿಸಿಕೊಳ್ಳಿ ಎಂದರು.

ಆರಿಸಲಿಕ್ಕೆ ನನ್ನ ಜೊತೆ ಬಂದವರು ನಮ್ಮ ತಂಡದ ಗಾಯಕಿ ಶೋಭಕ್ಕ. ಅವರ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಹಗಲಿಡೀ ಬೀಡಿ ಕಟ್ಟುವವರು. ಮೈಕಿನ ಎದುರು ನಿಂತಾಗ ಮಾತ್ರ ಜನ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಆ ವರ್ಷ ಅವರ ಗಂಟಲಿಗೆ ಆಪರೇಷನ್ ಆಯಿತು. ಸ್ವರ ಉಳಿಯಿತು, ಮೇಲಕ್ಕೆ ಏರುವುದು ನಿಂತಿತು. ತಂಡದ ಯಜಮಾನರಿಗೆ ಗೊತ್ತಾದರೆ ಜಾಗ ಹೋಯಿತೆಂದೇ ಲೆಕ್ಕ. ಹಾಗಾಗಿ ನಾವಿಬ್ಬರೇ ಗುಟ್ಟಾಗಿ ಒಂದು ಉಪಾಯ ಮಾಡಿದ್ದೆವು: ಯಂತ್ರದಲ್ಲೇ ಶ್ರುತಿಯನ್ನು ಎರಡು ಮನೆ, ಅಂದರೆ ಹಾರ್ಮೋನಿಯಂನ ಎರಡು ಪಟ್ಟಿಯಷ್ಟು, ಕೆಳಗಿಳಿಸುವುದು. ಬೆರಳು ಹಳೆಯ ಜಾಗದಲ್ಲೇ ಓಡುತ್ತದೆ, ಹಾಡು ತಗ್ಗಿನಲ್ಲಿ ಕೇಳುತ್ತದೆ. ತಂಡದಲ್ಲಿ ಉಳಿದದ್ದು ಡ್ರಮ್ ಮತ್ತು ಢೋಲಕ್. ಅವಕ್ಕೆ ಇದರ ಗೊಡವೆ ಇಲ್ಲ. ಬೆರಳನ್ನೇ ಸರಿಸಿ ನುಡಿಸಬಾರದಿತ್ತೇ ಎಂದು ನೀವು ಕೇಳಬಹುದು. ಆಗಿನ ನನ್ನ ವಿದ್ಯೆ ಅಷ್ಟೇ ಸ್ವಾಮಿ, ಕಲಿತ ಮನೆ ಬಿಟ್ಟರೆ ದಾರಿ ತಪ್ಪುವ ಜಾತಿ ನನ್ನದು.

ಹಮೀದಾಕ ಮೊದಲೇ ಎಚ್ಚರಿಸಿದ್ದರು. "ಈ ಸಣ್ಣದ್ದು ಉಂಟಲ್ಲ, ಕರೆಂಟ್ ಹೋದ್ರೂ ಇಟ್ಟದ್ದು ಇಟ್ಟ ಹಾಗೇ ಇರ್ತದೆ. ದೊಡ್ಡದಕ್ಕೆ ಮರೆವು. ಒಮ್ಮೆ ಆಫ್ ಆದ್ರೆ ಎಲ್ಲ ಮೊದಲಿನಿಂದ. ನಮ್ಮ ಊರಿನ ಕರೆಂಟ್ ನಿಮಗೆ ಗೊತ್ತುಂಟಲ್ಲ?"

ಗೊತ್ತಿಲ್ಲದೆ ಏನು? ಆದರೆ ಸಣ್ಣದರ ಪಿಟೀಲು ಸೊಳ್ಳೆ ಗುಂಯ್‌ಗುಟ್ಟಿದ ಹಾಗಿತ್ತು. ದೊಡ್ಡದನ್ನು ನುಡಿಸಿದಾಗ ಕೋಣೆ ತುಂಬಿತು. ಶೋಭಕ್ಕ ಕಣ್ಣು ಮುಚ್ಚಿ ಕೇಳಿದರು. "ಇದೇ ಇರಲಿ ಮಾರಾಯ. ಇಷ್ಟು ಪಿಟೀಲು ಹಿಂದೆ ಇದ್ರೆ ನನ್ನ ಗಂಟಲಿನ ಒಡಕು ಯಾರಿಗೂ ಕೇಳುದಿಲ್ಲ" ಎಂದರು. ದೊಡ್ಡದೇ ನಮ್ಮ ಜೊತೆ ಬಸ್ಸು ಹತ್ತಿತು.

ಕಕ್ಕಿಂಜೆಯಲ್ಲಿ ಒಂದು ಯುವಕ ಸಂಘದ ವಾರ್ಷಿಕೋತ್ಸವ. ಆ ಸಂಜೆ ಯಜಮಾನರು ಮೂಡುಬಿದಿರೆಯ ಒಬ್ಬ ಹೊಸ ಗಾಯಕಿಯನ್ನು ತಂದು ಸ್ಟೇಜಿನ ಬದಿಯಲ್ಲಿ ಕುಳ್ಳಿರಿಸಿದ್ದರು. "ನೋಡಿ ಕಲಿಯಲಿ ಅಂತ" ಎಂದರು. ಯಾಕೆ ತಂದದ್ದೆಂದು ತಿಳಿಯದಷ್ಟು ದಡ್ಡರು ನಾವಿಬ್ಬರೂ ಅಲ್ಲ. ಶೋಭಕ್ಕ ಅವಳ ಕಡೆ ನೋಡದೆ ಮೈಕು ಹಿಡಿದರು. ಎರಡು ಹಾಡು ಹೇಗೋ ದಾಟಿದವು. ಮೂರನೆಯದು ಸುರು ಮಾಡಬೇಕೆನ್ನುವಾಗ ಕರೆಂಟ್ ಹೋಯಿತು.

ಜನರೇಟರ್ ಚಾಲೂ ಆಯಿತು, ಡೀಸೆಲ್ ಹೊಗೆ ಸ್ಟೇಜಿಗೇ ಬಂತು. ಜನ ಕೂಗುತ್ತಿದ್ದರು, ಯಜಮಾನರು ಕೈಬೀಸಿ ಅವಸರ ಮಾಡುತ್ತಿದ್ದರು. ಆ ಗಡಿಬಿಡಿಯಲ್ಲಿ ಪೆಟ್ಟಿಗೆಯ ಜೊತೆ ನಾನೂ ಎಲ್ಲ ಮರೆತೆ. ನುಡಿಸಿದ ಮೊದಲ ಸಾಲಿಗೇ ನನಗೆ ಗೊತ್ತಾಯಿತು: ಶ್ರುತಿ ಹಳೆಯ ಜಾಗಕ್ಕೆ ಹೋಗಿದೆ. ಶೋಭಕ್ಕ ತಿರುಗಿ ನೋಡಿದರು. ಅವರಿಗೂ ಕೇಳಿತ್ತು. ಸರಿಮಾಡಬೇಕಾದರೆ ಹಾಡು ನಿಲ್ಲಿಸಿ ಗುಂಡಿಗಳನ್ನು ಒತ್ತುತ್ತಾ ಕೂರಬೇಕು. ಯಜಮಾನರು ನನ್ನ ಬೆನ್ನಿಗೇ ನಿಂತಿದ್ದಾರೆ. ಪಲ್ಲವಿಯ ಮೊದಲ ಸಾಲು ತಗ್ಗಿನಲ್ಲಿತ್ತು, ಶೋಭಕ್ಕ ಹಾಡಿದರು. ಮುಂದಿನದ್ದು ಏರು. ಯಾವ ದೇವರನ್ನು ಕರೆದೆನೋ ನನಗೇ ಗೊತ್ತಿಲ್ಲ.

ಶೋಭಕ್ಕ ಹಾಡು ನಿಲ್ಲಿಸಿಬಿಟ್ಟರು.

"ಕ್ಷಮಿಸ್ಬೇಕು" ಎಂದರು ಮೈಕಿನಲ್ಲೇ. "ನನ್ನ ಗಂಟಲಿಗೆ ಆಪರೇಷನ್ ಆಗಿದೆ. ಇಲ್ಲಿಂದ ಮೇಲೆ ಹೋಗ್ಲಿಕ್ಕೆ ನನಗೆ ಆಗುದಿಲ್ಲ."

ಅವರು ಆ ಹೊಸಬಳ ಕಡೆ ತಿರುಗಿ, "ಬಾ ಮಗಾ. ಮೇಲಿನದ್ದು ನೀನು ಹಾಡು, ಕೆಳಗಿನದ್ದು ನನಗಿರಲಿ" ಎಂದರು. ಅವಳು ಹೆದರುತ್ತಲೇ ಎದ್ದು ಬಂದಳು. ಇಬ್ಬರೂ ಸೇರಿ ಆ ಹಾಡನ್ನು ಮುಗಿಸಿದರು. ಜನ ಚಪ್ಪಾಳೆ ತಟ್ಟಿದರೋ ಇಲ್ಲವೋ ನೆನಪಿಲ್ಲ. ಯಜಮಾನರ ಗಂಟುಮುಖ ಚೆನ್ನಾಗಿ ನೆನಪುಂಟು.

ಮರಳುವಾಗ ವ್ಯಾನಿನಲ್ಲಿ ನಾನು ತಲೆ ತಗ್ಗಿಸಿ ಕೂತಿದ್ದೆ. "ಎಂಥ ಬೇಜಾರು ನಿನಗೆ?" ಎಂದರು ಶೋಭಕ್ಕ. "ನನಗೆ ಹಾಡಿ ಸುಸ್ತಾದದ್ದಲ್ಲ ಮಾರಾಯ, ಅಡಗಿಸಿ ಅಡಗಿಸಿ ಸುಸ್ತಾದದ್ದು."

ಆಮೇಲೆ ತಂಡದ ಅರ್ಧ ಹಾಡುಗಳು ಹೊಸಬಳಿಗೆ ಹೋದವು, ಅರ್ಧ ಶೋಭಕ್ಕನಿಗೇ ಉಳಿದವು. ಮುಂದಿನ ವಾರ ಅವರು ತಾವಾಗಿ ನನ್ನ ಮನೆಗೆ ಬಂದು, ರೆಕಾರ್ಡ್ ಮಾಡುವ ಎಂದರು. ನಾನು ಉತ್ಸಾಹದಿಂದ ಪಿಟೀಲಿನ ಮಳೆ ಸುರಿಸಿದೆ. ಅವರು ಕೈಯೆತ್ತಿ ತಡೆದರು. "ಅದನ್ನು ಕಮ್ಮಿ ಮಾಡು. ನನ್ನದು ಕೇಳ್ಬೇಕು."

ನಿನ್ನೆ ಹೋಟೆಲಿನಲ್ಲಿ ಇದೆಲ್ಲ ನೆನಪಾಗುವಷ್ಟರಲ್ಲಿ ಚಹಾ ಆರಿಹೋಗಿತ್ತು. ಇಷ್ಟು ವರ್ಷ ನಾನು ಇದನ್ನು ಆ ಪೆಟ್ಟಿಗೆಯ ಮರೆವಿನ ಕಥೆಯೆಂದೇ ಎಲ್ಲರಿಗೂ ಹೇಳಿ ನಗಿಸುತ್ತಿದ್ದೆ. ನಿನ್ನೆ ನಗು ಬರಲಿಲ್ಲ. ಹೋಟೆಲಿನಿಂದಲೇ ಶೋಭಕ್ಕನಿಗೆ ಫೋನ್ ಮಾಡಿ, ಭಾನುವಾರ ಬನ್ನಿ, ಹಾಡುವ ಎಂದೆ.

"ಗಂಟಲು ಈಗ ಇನ್ನೂ ಇಳಿದಿದೆ" ಎಂದರು.

"ಇಳಿದಲ್ಲಿಗೇ ಹೋಗುವ ಶೋಭಕ್ಕ" ಎಂದೆ. "ಈಗ ನನ್ನ ಬೆರಳಿಗೂ ದಾರಿ ಗೊತ್ತುಂಟು."