ಹಳದಿ ತೆಗೆಯುವ ಕೆಲಸ

ನನ್ನ ಅಕ್ಕನ ಮುಖದಿಂದ ಏಳು ವಾರ ಹಳದಿ ತೆಗೆದವನು ನಾನು. ಚೆನ್ನಾಗಿಯೇ ತೆಗೆದೆ. ಕೆಲಸದ ವಿಷಯದಲ್ಲಿ ನನಗೆ ಹೆಸರಿಡುವವರು ಕಡಿಮೆ. ಆರ್.ಟಿ. ನಗರದಲ್ಲಿ ಒಂದು ಕೋಣೆ, ಎರಡು ಮಿರರ್‌ಲೆಸ್ ಕ್ಯಾಮೆರಾ, ಬಣ್ಣ ತಿದ್ದಲೆಂದೇ ಇಟ್ಟುಕೊಂಡ ಒಂದು ದೊಡ್ಡ ಮಾನಿಟರ್, ಇಷ್ಟೇ ನನ್ನ ಅಂಗಡಿ. ಮದುವೆ, ಗೃಹಪ್ರವೇಶ, ಕಂಪನಿಗಳ ಜಾಹೀರಾತು, ಕರೆದಲ್ಲಿಗೆ ಹೋಗಿ ಶೂಟ್ ಮಾಡಿ ತಂದು ಬಣ್ಣ ಕೂರಿಸಿ ಕೊಡುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಅನ್ನ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಯಲಹಂಕ ನ್ಯೂ ಟೌನಿನಲ್ಲಿ ಮನೆ. ಭಾವ ಯಶವಂತಪುರದ ಮಾರ್ಕೆಟ್‌ನಲ್ಲಿ ಈರುಳ್ಳಿ ಮಂಡಿ ಇಟ್ಟವರು. ಕತ್ತಲಿರುವಾಗಲೇ ಎದ್ದು ಹೋಗುತ್ತಾರೆ, ಮಧ್ಯಾಹ್ನ ಬಂದು ಉಂಡು ಮಲಗುತ್ತಾರೆ. ಮಕ್ಕಳಿಲ್ಲ. ಮೂರು ವರ್ಷದ ಹಿಂದೆ ಅಕ್ಕನಿಗೆ ಅಡುಗೆಯ ಚಾನೆಲ್ ಮಾಡುವ ಹುಚ್ಚು ಹತ್ತಿತು. ಅಮ್ಮ ಮಾಡುತ್ತಿದ್ದ ಬಸ್ಸಾರು, ಉಪ್ಸಾರು, ಹಿತಕಿದ ಬೇಳೆ ಎಲ್ಲ ಯಾರಿಗೂ ಬರದೆ ಹೋಗುತ್ತದೆ, ನೀನು ಶೂಟ್ ಮಾಡಿಕೊಡು ಎಂದಳು. ನಾನು ಗೊಣಗಿದೆ, ಆಮೇಲೆ ಒಪ್ಪಿದೆ. ಪ್ರತಿ ಭಾನುವಾರ ಹೆಬ್ಬಾಳದ ಮೇಲ್ಸೇತುವೆ ದಾಟಿ ಹೋಗುವುದು, ಎರಡು ಅಡುಗೆ ಶೂಟ್ ಮಾಡುವುದು, ಅದನ್ನೇ ಹೊಟ್ಟೆ ತುಂಬ ತಿನ್ನುವುದು, ಸೋಮವಾರ ಬೆಳಿಗ್ಗೆ ಕೂತು ಬಣ್ಣ ತಿದ್ದುವುದು. ನಿಜ ಹೇಳಬೇಕೆಂದರೆ ವಾರದಲ್ಲಿ ನನಗೆ ಇಷ್ಟವಾಗಿದ್ದ ಕೆಲಸ ಅದೊಂದೇ.

ನಾನು ಶೂಟ್ ಮಾಡುವುದು ಲಾಗ್‌ನಲ್ಲಿ. ಹಾಗೆಂದರೇನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮಾಮೂಲಿ ವಿಡಿಯೊದಲ್ಲಿ ಕ್ಯಾಮೆರಾ ತಾನೇ ಬಣ್ಣ ತೀರ್ಮಾನ ಮಾಡಿ ಕೊಡುತ್ತದೆ. ಲಾಗ್‌ನಲ್ಲಿ ಶೂಟ್ ಮಾಡಿದರೆ ಏನನ್ನೂ ತೀರ್ಮಾನಿಸುವುದಿಲ್ಲ. ಬೆಳಕು, ನೆರಳು, ಬಣ್ಣ ಎಲ್ಲವನ್ನೂ ಒತ್ತಿ ಚಪ್ಪಟೆ ಮಾಡಿ ತುಂಬಿಡುತ್ತದೆ. ನೋಡಲು ಚಿತ್ರದ ಮೇಲೆ ಬೂದಿ ಉದುರಿಸಿದ ಹಾಗಿರುತ್ತದೆ. ಕೆಂಪು ಸೀರೆಯೂ ಬೂದು, ಕೊತ್ತಂಬರಿಯೂ ಬೂದು. ಆಮೇಲೆ ಕಂಪ್ಯೂಟರಿನಲ್ಲಿ ಕೂತು ಆ ಬಣ್ಣಗಳನ್ನು ನಾವೇ ಎಬ್ಬಿಸಬೇಕು. ಶೂಟ್ ಮಾಡುವಾಗಲೇ ಬಣ್ಣ ಕಾಣುವಂತೆ ಕ್ಯಾಮೆರಾದಲ್ಲಿ ಒಂದು ಸೌಲಭ್ಯವಿದೆ, ಹೊಸಬರೆಲ್ಲ ಅದನ್ನು ಹಾಕಿಕೊಂಡೇ ಕೆಲಸ ಮಾಡುತ್ತಾರೆ. ನನಗೆ ಅದು ಅವಮಾನ. ಬೂದು ಚಿತ್ರ ನೋಡಿಯೇ ಒಳಗಿನ ಬಣ್ಣ ಹೇಳಬಲ್ಲೆ ಎಂಬ ಕೊಬ್ಬು. ಹಾಗಾಗಿ ಭಾನುವಾರವೆಲ್ಲ ಅಕ್ಕನ ಅಡುಗೆಮನೆಯಲ್ಲಿದ್ದರೂ ನಾನು ನೋಡುತ್ತಿದ್ದುದು ಅಂಗೈಯಗಲದ ಪರದೆಯಲ್ಲಿನ ಬೂದು ಅಕ್ಕನನ್ನು.

ಬಣ್ಣ ತಿದ್ದುವಾಗ ಪರದೆಯ ಮೂಲೆಯಲ್ಲಿ ಬಣ್ಣ ಅಳೆಯುವ ದುಂಡನೆಯ ನಕ್ಷೆಯೊಂದು ಇರುತ್ತದೆ. ಅದರಲ್ಲಿ ಮನುಷ್ಯನ ಚರ್ಮಕ್ಕೆಂದೇ ಒಂದು ಗೆರೆ. ಕಪ್ಪಗಿರಲಿ, ಬೆಳ್ಳಗಿರಲಿ, ಆರೋಗ್ಯವಂತರ ಮುಖ ಆ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ, ಯಾಕೆಂದರೆ ಒಳಗೆ ಹರಿಯುವ ರಕ್ತ ಎಲ್ಲರದೂ ಒಂದೇ. ಕೆಲಸ ಕಲಿಯಲು ಬಂದವರಿಗೆ ನಾನು ಇದನ್ನು ಬಹಳ ಗತ್ತಿನಿಂದ ಹೇಳುತ್ತಿದ್ದೆ. ಆರೋಗ್ಯವಂತರ ಎಂಬ ಮಾತನ್ನು ಈಚೆಗೆ ಸೇರಿಸಿಕೊಂಡಿದ್ದೇನೆ.

ಆ ಏಳು ವಾರಗಳಲ್ಲಿ ಮೊದಲನೆಯದರಲ್ಲಿ ಅಕ್ಕನ ಮುಖ ಗೆರೆಯಿಂದ ಕೂದಲೆಳೆಯಷ್ಟು ಹಳದಿಯ ಕಡೆ ಸರಿದಿತ್ತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅಕ್ಕ ಶುಕ್ರವಾರ ಶುಕ್ರವಾರ ಅರಿಶಿನ ಹಚ್ಚಿ ಸ್ನಾನ ಮಾಡುವವಳು, ಎರಡು ದಿನ ಕೆನ್ನೆಯಲ್ಲಿ ಅದರ ಛಾಯೆ ಉಳಿಯುವುದು ಹೊಸದೇನಲ್ಲ. ಮುಖವನ್ನು ಮಾತ್ರ ಆರಿಸಿಕೊಂಡು ಸ್ವಲ್ಪ ಆಚೆ ತಳ್ಳಿದೆ, ಗೆರೆಯ ಮೇಲೆ ಕೂತಿತು. ಎರಡನೇ ವಾರ ಇನ್ನೂ ಸ್ವಲ್ಪ ತಳ್ಳಬೇಕಾಯಿತು. ಕಿಟಕಿಗೆ ಹೊಸ ಪರದೆ ಹಾಕಿದ್ದಳು, ಅದರ ಬೆಳಕೇ ಇರಬೇಕು ಅಂದುಕೊಂಡೆ. ಹಾಗಿದ್ದರೆ ಪಕ್ಕದಲ್ಲಿದ್ದ ಪಿಂಗಾಣಿ ತಟ್ಟೆಯೂ ಹಳದಿಯಾಗಬೇಕಿತ್ತು. ತಟ್ಟೆ ಬೆಳ್ಳಗೆ ಹಾಲಿನ ಹಾಗಿತ್ತು. ಬೆಳಕಿನ ದೋಷವಾದರೆ ಎಲ್ಲದರ ಮೇಲೂ ಬೀಳುತ್ತದೆ ಎಂಬುದು ಈ ಕೆಲಸದ ಅ ಆ ಇ ಈ. ಅದು ಗೊತ್ತಿದ್ದೂ ತಟ್ಟೆಯನ್ನು ನೋಡಿದೆ, ಮುಖವನ್ನು ತಿದ್ದಿದೆ, ಕಾಫಿ ಕುಡಿಯಲು ಎದ್ದುಹೋದೆ.

ಮೂರನೇ ವಾರದಿಂದ ಕಣ್ಣಿಗೂ ಕೈ ಹಾಕಿದೆ. ಮದುಮಗಳ ಕಣ್ಣಿನ ಬಿಳಿಯನ್ನು ಸ್ವಲ್ಪ ಬೆಳಗಿಸುವುದು ನಮ್ಮಲ್ಲಿ ವಾಡಿಕೆ, ಯಾರೂ ಕೇಳದಿದ್ದರೂ ಮಾಡುತ್ತೇವೆ. ಅಕ್ಕನ ಕಣ್ಣು ಮಂಕಾಗಿ ಕಂಡಿತು, ನಿದ್ದೆ ಸಾಲದು ಅಂದುಕೊಂಡು ಬೆಳಗಿಸಿದೆ. ಅದೇ ದಿನಗಳಲ್ಲಿ ಅವಳು ಅಡುಗೆ ಮಾಡುತ್ತ ಮಾಡುತ್ತ ಮೊಣಕೈ, ಕುತ್ತಿಗೆ ಕೆರೆದುಕೊಳ್ಳತೊಡಗಿದ್ದಳು. ಕ್ಯಾಮೆರಾ ಓಡುವಾಗ ಕೆರ್ಕೋಬೇಡ ಎಂದು ಎರಡು ಸಲ ಗದರಿದೆ. ಆದರೂ ಕೆರೆದುಕೊಂಡ ತುಣುಕುಗಳನ್ನು ಕತ್ತರಿಸಿ ಎಸೆದೆ. ಅವಳು ಸೊರಗಿದ್ದಳು. ಬೆಳಗಿನ ವಾಕಿಂಗ್ ಕೆಲಸ ಮಾಡ್ತಿದೆ ಎಂದು ಖುಷಿಯಲ್ಲಿದ್ದಳು. ನಾನೂ ಹೌದು ಎಂದೆ. ವಿಡಿಯೊ ನೋಡಿದವರೆಲ್ಲ ಅಕ್ಕ ಎಷ್ಟು ಲಕ್ಷಣವಾಗಿ ಕಾಣ್ತಿದ್ದೀರಿ ಎಂದು ಬರೆಯುತ್ತಿದ್ದರು. ಸಾವಿರಾರು ಜನ ನೋಡುತ್ತಿದ್ದರು. ಅವರಲ್ಲಿ ಒಬ್ಬ ನರ್ಸ್, ಒಬ್ಬ ಡಾಕ್ಟರ್, ಮನೆಯಲ್ಲಿ ಕಾಮಾಲೆ ಕಂಡ ಒಬ್ಬ ಅಜ್ಜಿ ಇದ್ದೇ ಇರುತ್ತಿದ್ದರು. ಅವರ್‍ಯಾರಿಗೂ ಅಕ್ಕನ ನಿಜವಾದ ಮುಖ ಕಾಣದ ಹಾಗೆ ನಾನು ನೋಡಿಕೊಂಡೆ.

ಐದನೇ ವಾರ ಅಕ್ಕ ತಾನೇ ಫೋನಿನಲ್ಲಿ ಒಂದು ಪುಟ್ಟ ವಿಡಿಯೊ ಮಾಡಿ ಹಾಕಿದ್ದಳು. ನಿಂಬೆಹಣ್ಣಿನ ಉಪ್ಪಿನಕಾಯಿಗೆ ಬೂಸ್ಟು ಬರದಂತೆ ಏನು ಮಾಡಬೇಕು ಎಂಬುದರ ಬಗ್ಗೆ. ನಾನು ತಿದ್ದದೆ ಹೊರಗೆ ಹೋದ ಅವಳ ಮುಖ ಅದೊಂದೇ. ಅದರ ಕೆಳಗೆ ಯಾರೋ ಗುರುತಿಲ್ಲದವರು ಅಕ್ಕನ ಕಣ್ಣು ಹಳದಿ ಕಾಣುತ್ತಿದೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದು ಬರೆದಿದ್ದರು. ಭಾನುವಾರ ನಾನು ಟ್ರೈಪಾಡ್ ನಿಲ್ಲಿಸುತ್ತಿದ್ದಾಗ ಅಕ್ಕ ಫೋನ್ ತಂದು ಮುಂದೆ ಹಿಡಿದಳು.

“ನೋಡೋ, ಯಾರೋ ಹಿಂಗ್ ಬರ್ದಿದ್ದಾರೆ. ಹೌದೇನೋ? ಹಳದಿ ಇದ್ದೀನಾ?”

ನಾನು ಫೋನ್ ಇಸಿದುಕೊಂಡು ವಿಡಿಯೊ ನೋಡಿದೆ. ನೋಡಿ ನಕ್ಕೆ.

“ಫೋನಿಂದು ವೈಟ್ ಬ್ಯಾಲೆನ್ಸ್ ಕೆಟ್ಟಿದೆ ಕಣೆ, ಬಿಳೀನೇ ಹಳದಿ ತೋರಿಸ್ತಿದೆ. ಇಪ್ಪತ್ತು ವರ್ಷದಿಂದ ಇದನ್ನೇ ಮಾಡ್ತಿದ್ದೀನಿ, ನಂಗೊತ್ತಿಲ್ವಾ? ಮೊದ್ಲು ಇದನ್ನ ತೆಗ್ದುಹಾಕು.”

ಚಾನೆಲ್‌ನ ಅಂದ ಕೆಡಿಸುತ್ತೆ ಎಂದು ಬೇರೆ ಸೇರಿಸಿದೆ. ಅವಳು ನಿರಾಳವಾಗಿ ವಿಡಿಯೊ ಅಳಿಸಿದಳು. ನನ್ನ ಮಾತೆಂದರೆ ಅವಳಿಗೆ ಮೊದಲಿಂದಲೂ ವೇದವಾಕ್ಯ. ನಮ್ಮ ತಮ್ಮನ ಕಣ್ಣು ಸೂಜಿಯಂಥದ್ದು, ಎರಡು ಬಿಳಿ ಬಟ್ಟೆ ತೋರಿಸಿದರೆ ಯಾವುದು ಹೆಚ್ಚು ಬಿಳಿ ಅಂತ ಹೇಳುತ್ತಾನೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದವಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಇದೆ. ಕಾಮಾಲೆ ಎದುರಿಗೇ ನಿಂತು ಮಾತಾಡಿಸಿದರೂ ಹಳದಿ ಕಾಣದವನಿಗೆ ಗಾದೆ ಇನ್ನೂ ಹುಟ್ಟಿಲ್ಲ.

ಕೊನೆಗೆ ಕಂಡುಹಿಡಿದವಳು ಬಾಗಲೂರಿನ ಕಡೆಯಿಂದ ಸೊಪ್ಪು ತರುವ ಹೆಂಗಸು. ಒಂದೂವರೆ ತಿಂಗಳು ಮಗಳ ಬಾಣಂತನಕ್ಕೆಂದು ಬಂದಿರಲಿಲ್ಲವಂತೆ. ಬಂದ ದಿನ ದಂಟಿನ ಸೊಪ್ಪಿನ ಕಟ್ಟು ಕೈಗೆ ಕೊಡುತ್ತ ಅಕ್ಕನನ್ನು ನೋಡಿ ಅಲ್ಲೇ ನಿಂತಳಂತೆ. “ಇದ್ಯಾಕಮ್ಮಾ ಇಂಗಾಗಿದ್ದೀರ? ಕಣ್ಣೆಲ್ಲ ಅಳ್ದಿ ತಿರುಗ್ಯದೆ. ಮನೇಲಿ ಯಾರೂ ನೋಡ್ನಿಲ್ವಾ?” ಅಕ್ಕ ಇದನ್ನು ಫೋನಿನಲ್ಲಿ ನನಗೆ ನಗುತ್ತಲೇ ಹೇಳಿದಳು. ಮಧ್ಯಾಹ್ನ ಭಾವನನ್ನು ಕರೆದುಕೊಂಡು ಹೋಗಿ ರಕ್ತ ಕೊಟ್ಟು ಬಂದಳು. ಸಂಜೆ ಭಾವ ಫೋನ್ ಮಾಡಿದಾಗ ನಗು ಇರಲಿಲ್ಲ. ಪಿತ್ತದ ಅಂಶ ತುಂಬ ಏರಿದೆಯಂತೆ, ನಾಳೆಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕಂತೆ ಎಂದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮೊದಲು ಕಂಪ್ಯೂಟರ್ ಹಾಕಿದೆ. ಏಳು ವಾರದ ಕೆಲಸವೂ ಅದರಲ್ಲಿತ್ತು. ನಾವು ಮಾಡಿದ ತಿದ್ದುಪಡಿಗಳು ಚಿತ್ರದ ಮೇಲೆ ಪದರ ಪದರವಾಗಿ ಕೂತಿರುತ್ತವೆ, ಬೇಡವೆಂದರೆ ಒಂದೊಂದನ್ನೂ ತೆಗೆದು ನೋಡಬಹುದು. ಅಕ್ಕನ ಮುಖದ ಪದರ ತೆಗೆದೆ. ಕಣ್ಣಿನದನ್ನೂ ತೆಗೆದೆ. ಮೊದಲ ವಾರ, ಎರಡನೇ ವಾರ, ಹೀಗೇ ಏಳರ ತನಕ ಸಾಲಾಗಿ ಇಟ್ಟು ನೋಡಿದೆ. ಮಾವು ಹಣ್ಣಾಗುವುದನ್ನು ದಿನವೂ ನೋಡಿದ ಹಾಗಿತ್ತು. ಏಳನೇ ಚಿತ್ರದಲ್ಲಿ ಅಕ್ಕ ಸೌಟು ಹಿಡಿದು ನಗುತ್ತಿದ್ದಳು, ಅವಳ ಕಣ್ಣಿನ ಬಿಳಿಭಾಗ ತೊಗರಿಬೇಳೆಯ ಬಣ್ಣಕ್ಕಿತ್ತು. ಜೋರಾಗಿ ಅತ್ತೆ.

ಆಸ್ಪತ್ರೆಯಲ್ಲಿ ಅಕ್ಕನನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದಾಗ ಡಾಕ್ಟರ್ ಭಾವನನ್ನೂ ನನ್ನನ್ನೂ ಕೂರಿಸಿಕೊಂಡು ಇದು ಯಾವಾಗಿನಿಂದ ಎಂದು ಕೇಳಿದರು. ಒಂದು ವಾರ, ಹತ್ತು ದಿನ ಇರಬಹುದು ಎಂದರು ಭಾವ. ಏಳು ವಾರ ಎಂದೆ ನಾನು. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಡಾಕ್ಟರ್ ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಭಾವ ಕಿಟಕಿಯ ಕಡೆ ತಿರುಗಿ ಕೂತರು. ಅವತ್ತಿನಿಂದ ಅವರು ನನ್ನ ಜೊತೆ ಅಗತ್ಯವಿದ್ದಷ್ಟೇ ಮಾತಾಡುತ್ತಾರೆ.

ಮೇದೋಜೀರಕದಲ್ಲಿ ಗಡ್ಡೆ. ಅದು ಪಿತ್ತನಾಳವನ್ನು ಒತ್ತಿದ್ದರಿಂದ ಕಾಮಾಲೆ. ಪಕ್ಕದ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡುಬಿಟ್ಟಿದೆ, ಆಪರೇಷನ್ ಆಗುವುದಿಲ್ಲ ಎಂದರು. ಏಳು ವಾರ ಮೊದಲು ಬಂದಿದ್ದರೆ ಆಗುತ್ತಿತ್ತಾ ಎಂದು ನಾನು ಕೇಳಿದೆ. ಹೇಳೋಕಾಗಲ್ಲ ಎಂದರು. ಆಗುತ್ತಿತ್ತು ಎಂದಿದ್ದರೆ ನನ್ನ ತಪ್ಪು ಇಷ್ಟು ಎಂದು ಗೊತ್ತಾಗುತ್ತಿತ್ತು. ಆಗುತ್ತಿರಲಿಲ್ಲ ಎಂದಿದ್ದರೆ ಉಸಿರು ಬಿಡುತ್ತಿದ್ದೆ. ಹೇಳೋಕಾಗಲ್ಲ ಎಂಬ ಮಾತನ್ನು ಇಟ್ಟುಕೊಂಡು ಏನು ಮಾಡಬೇಕೋ ನನಗೆ ಇನ್ನೂ ತಿಳಿದಿಲ್ಲ.

ಪಿತ್ತನಾಳದೊಳಗೆ ಒಂದು ಸಣ್ಣ ಕೊಳವೆ ಕೂರಿಸಿದರು. ಪಿತ್ತ ಇಳಿಯತೊಡಗಿತು. ಗಡ್ಡೆಗೂ ಈ ಕೊಳವೆಗೂ ಸಂಬಂಧವಿಲ್ಲ, ಇದು ಹಳದಿಯನ್ನು ಮಾತ್ರ ತೆಗೆಯುತ್ತದೆ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ನನಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ನಾನೂ ಅದನ್ನೇ ಮಾಡಿಕೊಂಡು ಬಂದವನು. ಗಡ್ಡೆ ಬೆಳೆಯದಂತೆ ಔಷಧ ಏರಿಸುವುದು ಶುರುವಾಯಿತು. ಅಕ್ಕನಿಗೆ ನಾವು ಹೇಳಿದ್ದು, ಕಾಮಾಲೆ ಬಂದಿತ್ತು, ನಾಳದಲ್ಲಿ ಅಡ್ಡಿಯಿತ್ತು, ತೆಗೆದಿದ್ದಾರೆ, ಈ ಡ್ರಿಪ್ಪು ಶಕ್ತಿಗೆ, ಇಷ್ಟೇ. ಭಾವ ನನ್ನ ಎರಡೂ ಕೈ ಹಿಡಿದುಕೊಂಡು ಬೇಡಿದರು. “ನೋಡಪ್ಪಾ, ಅವಳ ಹತ್ರ ಬಾಯಿ ಬಿಡ್ಬೇಡ. ಗೊತ್ತಾದ್ರೆ ಅವತ್ತೇ ಹೋಗ್ಬಿಡ್ತಾಳೆ.” ಆಯ್ತು ಭಾವ ಎಂದೆ. ಯಾವ ಮುಖ ಇಟ್ಟುಕೊಂಡು ಇಲ್ಲ ಅನ್ನಲಿ?

ಮೂರು ವಾರಕ್ಕೆ ಅಕ್ಕನ ಮೈಬಣ್ಣ ತಿಳಿಯಾಯಿತು. ಐದು ವಾರಕ್ಕೆ ಕಣ್ಣು ಬೆಳ್ಳಗಾಯಿತು. ಕ್ಯಾಮೆರಾ ತಗೊಂಡ್ಬಾ, ಜನ ಕೇಳ್ತಿದ್ದಾರೆ ಎಂದಳು. ಒಂದು ಭಾನುವಾರ ಹೋದೆ. ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಕೂತೇ ಕಾಳು ಸೋಸುತ್ತಿದ್ದಳು. ರವಿಕೆಯ ತೋಳು ಜೋತು ಬಿದ್ದಿತ್ತು. ಭಾವ ಔಷಧದಂಗಡಿಗೆ ಹೋಗಿದ್ದರು. ನಾನು ಬ್ಯಾಗಿನ ಜಿಪ್ ತೆಗೆಯುತ್ತಿದ್ದಾಗ ಅವಳು ಮೊರ ಬದಿಗಿಟ್ಟಳು.

“ಕ್ಯಾಮೆರಾ ಆಮೇಲೆ ತೆಗಿ. ನನ್ನ ನೋಡಿ ಹೇಳು. ಪೂರ್ತಿ ಹೋಯ್ತಾ? ನಿಮ್ಮ ಭಾವ ಹೋಯ್ತು ಅಂತಾರೆ. ನಂಗೆ ನಿನ್ ಬಾಯಲ್ಲಿ ಕೇಳ್ಬೇಕು.”

ಹೋಯ್ತು ಅಂದುಬಿಡಬಹುದಿತ್ತು. ಬಣ್ಣದ ಮಟ್ಟಿಗೆ ಅದು ಸುಳ್ಳೂ ಆಗುತ್ತಿರಲಿಲ್ಲ. ಮುಖ ಗೆರೆಯ ಮೇಲೇ ಇತ್ತು, ಯಂತ್ರವಿಲ್ಲದೆಯೂ ಹೇಳಬಲ್ಲೆ. ಭಾವನಿಗೆ ಕೊಟ್ಟ ಮಾತು ನೆನಪಾಯಿತು. ಆದರೆ ಇನ್ನೊಂದು ಸಲ ಅವಳ ಮುಖ ಒರೆಸಿ ಚೆಂದ ಮಾಡಿ ಅವಳಿಗೇ ತೋರಿಸುವುದು ನನ್ನಿಂದಾಗಲಿಲ್ಲ. ಅವಳ ಎದುರು ನೆಲದ ಮೇಲೆ ಕೂತೆ. ಹಳದಿ ಹೋಗಿದೆ ಅಕ್ಕ, ಕಾಯಿಲೆ ಹೋಗಿಲ್ಲ ಎಂದೆ. ಗಡ್ಡೆಯ ವಿಷಯ ಹೇಳಿದೆ, ಆಪರೇಷನ್ ಆಗದ ವಿಷಯ ಹೇಳಿದೆ. ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಏಳು ಸೋಮವಾರ ಕೂತು ನಾನು ಮಾಡಿದ್ದನ್ನೂ ಹೇಳಿದೆ. ತಟ್ಟೆ ಬೆಳ್ಳಗಿತ್ತು ಎಂಬುದನ್ನೂ ಬಿಡಲಿಲ್ಲ.

ಅವಳು ಎಲ್ಲ ಕೇಳಿಸಿಕೊಂಡಳು. ಅಳಲಿಲ್ಲ. ಮಡಿಲಿಗೆ ಬಿದ್ದಿದ್ದ ನಾಲ್ಕು ಕಾಳು ಆರಿಸಿ ಮೊರಕ್ಕೆ ಹಾಕಿದಳು. ಹೊರಗೆ ಗೇಟಿನ ಸದ್ದಾಯಿತು, ಭಾವ ಬಂದಿದ್ದರು. ಅವರು ಚಪ್ಪಲಿ ಬಿಟ್ಟು ಒಳಗೆ ಬರುವುದರೊಳಗೆ ಅಕ್ಕ ಮೆಲ್ಲಗೆ ಕೇಳಿದಳು.

“ಅವತ್ತು ಹಳದಿ ಇದ್ದೀನಾ ಅಂತ ಕೇಳ್ದಾಗ, ನೀನು ನನ್ನ ಮುಖ ನೋಡಿದ್ಯೇನೋ?”

“ಇಲ್ಲ ಅಕ್ಕ,” ಎಂದೆ. “ಫೋನ್ ನೋಡ್ದೆ.”